ಅತ್ತೆಯ ತಲೆಗೆ ಬಿಷಪ್ಪರ ಕೈ

ಕಡಲು ಎಷ್ಟು ಕೆರಳಿದರೂ ಮೊಗದ ಶಾಂತಿ ಕದಡದವರು. ಹುಟ್ಟು ಹಾಕಿ ಜಡ್ಡುಗಟ್ಟಿದ ಅಂಗೈಗಳಲ್ಲೇ ಪ್ರಭುವಿನ ಪಾನಪಾತ್ರೆಯನ್ನು ನಡುಗದಂತೆ ಹಿಡಿದವರು. ನೆರೆಮನೆಯ ಒಲೆ ಹೊಗೆಯಾಡದೆ ತಮ್ಮ ಮನೆಯ ಗೆಣಸಿಗೆ ಕೈಹಚ್ಚದವರು. ಬೈದವನ ಮಗುವಿಗೂ ಅಕ್ಕರೆಯಿಂದ ನೀರೆರೆದು ಹೆಸರಿಟ್ಟವರು. ಹಿರಿಯರ ಕಟ್ಟಳೆಯನ್ನೂ ಕ್ರೈಸ್ತ ಸಭೆಯ ಕಟ್ಟಳೆಯನ್ನೂ ಎರಡು ಕಣ್ಣುಗಳಂತೆ ಕಾಪಾಡಿದವರು, ಪೆಸಿಫಿಕ್ ಕಡಲಿನ ಮೋಟಾ ದ್ವೀಪದ ಆಂಬ್ರೋಸ್ ವೊತೆಲೂರ್. ಮೊದಲು ಶಾಲೆಯ ಉಪಾಧ್ಯಾಯರು. ಬಳಿಕ ದ್ವೀಪದಿಂದ ದ್ವೀಪಕ್ಕೆ ಅಲೆಯುವ ಸಭೆಯ ಹಡಗಿನ ಪಾದ್ರಿ. ತಲೆ ನರೆಯುವ ಹೊತ್ತಿಗೆ ಬಿಷಪ್.

ಆ ಪಟ್ಟವೇ ಮನೆಯೊಳಗೆ ತೊಡಕನ್ನು ತಂದಿತು. ದ್ವೀಪದ ಹಿರಿಯರ ಕಟ್ಟಳೆಯಂತೆ ಅಳಿಯನಾದವನು ಅತ್ತೆಯೊಡನೆ ನೇರವಾಗಿ ಮಾತಾಡುವಂತಿಲ್ಲ, ಆಕೆಯ ತಲೆಗಿಂತ ಮೇಲೆ ಕೈಯೆತ್ತುವಂತಿಲ್ಲ. ಅತ್ತೆ ರೋಲಿನೆ ಇಳಿವಯಸ್ಸಿನಲ್ಲಿ ದೀಕ್ಷಾಸ್ನಾನ ಪಡೆದವಳು. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ನಂಬಿಕೆಯನ್ನು ದೃಢೀಕರಿಸುವವರೆಗೆ ಆಕೆಗೆ ಪ್ರಭುಭೋಜನದ ರೊಟ್ಟಿಯಿಲ್ಲ. ಭಾನುವಾರಗಳಲ್ಲಿ ಎಲ್ಲರೂ ರೊಟ್ಟಿಗೆ ಕೈಯೊಡ್ಡುವಾಗ ಆಕೆ ಹಿಂದಿನ ಚಾಪೆಯಲ್ಲೇ ಕುಳಿತಿರುತ್ತಿದ್ದಳು.

ಆ ವರ್ಷ ಮುದುಕಿಯ ಉಸಿರು ಕುಂದಿತು. ಅಳಿಯ ಗೋಡೆಯಾಚೆ ಇದ್ದಾನೆಂದು ತಿಳಿದೇ ಆಕೆ ಮಗಳಿಗೆ ಗಟ್ಟಿಯಾಗಿ ಹೇಳಿದಳು:

"ಏ ಎಮಿಲಿನ್, ನಿನ್ ಗಂಡಂಗೆ ಹೇಳೇ. ಊರೋರ ತಲೆಗೆಲ್ಲ ಕೈ ಇಡ್ತಾನೆ, ನನ್ ತಲೇಲೇನು ಮುಳ್ಳಿದ್ಯಾ?"

"ಪಕ್ಕದ ಸೀಮೆ ಬಿಷಪ್ಪರಿಗೆ ಹೇಳಿ ಕಳ್ಸಿದಾರವ್ವಾ. ಮುಂದಿನ್ ವರ್ಷ ಬರ್ತಾರಂತೆ."

"ಬರ್ಲಿ, ಬಂದು ನನ್ ಗೋರಿಗೆ ಕೈ ಇಟ್ಟು ಹೋಗ್ಲಿ!"

ಗೋಡೆಯಾಚೆ ವೊತೆಲೂರರ ಊಟ ನಿಂತಿತು.

ಮುಂದಿನ ಭಾನುವಾರ ರೋಲಿನೆಯನ್ನು ಇಗರ್ಜಿಗೆ ಹೊತ್ತು ತಂದರು. ಬಿಷಪ್ಪರು ಏನು ಮಾಡಿಯಾರೆಂಬ ಕುತೂಹಲಕ್ಕೆ ಆಚೆ ದ್ವೀಪದವರೂ ದೋಣಿಯೇರಿ ಬಂದಿದ್ದರು. ಆಕೆ ಮೊಣಕಾಲೂರಿದಳು. ಮೆಟ್ಟಿಲ ಮೇಲಿದ್ದ ವೊತೆಲೂರರು ಅಭ್ಯಾಸಬಲದಿಂದ ಕೈಯೆತ್ತಿಬಿಟ್ಟರು. ಸಭೆಯೆಲ್ಲ ಒಮ್ಮೆಲೇ ಉಸಿರೆಳೆದುಕೊಂಡಿತು. ಎತ್ತಿದ ಕೈ ಅಂತರದಲ್ಲೇ ನಿಂತಿತು. ಕೈಯಿಟ್ಟರೆ ಊರೆದುರು ಅತ್ತೆಗೆ ಅವಮಾನ, ಹಿಂದೆಗೆದರೆ ಆಕೆಯ ಆತ್ಮಕ್ಕೆ ಉಪವಾಸ. ಶಿಷ್ಯರ ಕಾಲು ತೊಳೆಯಲು ಬಾಗಿದ ಪ್ರಭುವನ್ನು ಅವರು ನೆನೆದರು.

"ಎಮಿಲಿನ್, ಅವ್ವನ್ನ ನನ್ ಕುರ್ಚೀಲಿ ಕೂರ್ಸು."

ಉಪದೇಶಿ ವಿಲ್ಫ್ರೆಡ್ ಬೆಚ್ಚಿದ: "ಅಯ್ಯೋ ಸ್ವಾಮೀ, ಅದು ಬಿಷಪ್ಪರ ಪೀಠ!"

"ಇವತ್ತು ಅತ್ತೇದು. ಸುಮ್ನಿರಪ್ಪ."

ಮೆಟ್ಟಿಲಿಳಿದು ನೆಲದ ಮೇಲೆ ಮೊಣಕಾಲೂರಿ, ವೊತೆಲೂರರು ಎರಡೂ ಅಂಗೈಗಳನ್ನು ಎದೆಯ ಮಟ್ಟದಲ್ಲಿ ಬೊಗಸೆಯಾಗಿ ತೆರೆದರು. ಪೀಠದಲ್ಲಿದ್ದ ರೋಲಿನೆ ಆ ಬೊಗಸೆಯನ್ನು ದಿಟ್ಟಿಸಿದಳು. ಬಳಿಕ ಮೆಲ್ಲನೆ ಬಾಗಿ, ತನ್ನ ನರೆತ ತಲೆಯನ್ನು ತಾನೇ ಅದರಲ್ಲಿಟ್ಟಳು. ಪ್ರಾರ್ಥನೆ ಸಾಂಗವಾಗಿ ನೆರವೇರಿತು.

"ಹಿಂಗೂ ನಡ್ಯತ್ತಾ?" ಎಂದು ಗೊಣಗಿದ ವಿಲ್ಫ್ರೆಡ್.

ರೋಲಿನೆ ಮಗಳತ್ತ ತಿರುಗಿದಳು: "ಕೈಗೂ ತಲೆಗೂ ಭೇಟಿ ಆಯ್ತೋ ಇಲ್ವೋ? ರೊಟ್ಟಿ ತರೋಕೆ ಹೇಳೇ, ಹಸಿವಾಗ್ತಿದೆ."

ಅಂದು ಆಕೆಯ ಅಂಗೈಗೆ ರೊಟ್ಟಿಯ ತುಂಡು ಬಂತು.

ಅಂಥ ವೊತೆಲೂರರನ್ನೂ ಅವರ ಎಮಿಲಿನ್‌ಳನ್ನೂ ಮಕ್ಕಳು ಮೊಮ್ಮಕ್ಕಳನ್ನೂ ಕಡಲೊಡೆಯನಾದ ದೇವರು ಹರಸಲಿ. ಅವರ ಅಂಗಳದ ದಿವಿಹಲಸು ಕಾಲಕಾಲಕ್ಕೆ ಕಾಯಲಿ, ಅವರ ದೋಣಿಗಳು ಕ್ಷೇಮವಾಗಿ ದಡ ಮುಟ್ಟಲಿ.