ಸಾಕು ಅನ್ನುವ ಪೈಪು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಮದುವೆ ಊಟಕ್ಕೆ ಕೂತರೆ ಅನ್ನ ಬಡಿಸಿ ಸಾರು ಬರುವಷ್ಟರಲ್ಲಿ ನನ್ನ ಮಂಡಿ ಕುಣಿಯಲು ಶುರುವಾಗಿರುತ್ತದೆ, ಪಕ್ಕದವರ ಎಲೆ ನಡುಗುತ್ತದೆ. ‘ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟವ್ನೆ’ ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಮಧುಗಿರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ ಇದೆ. ಅಪ್ಪ ತೀರಿಕೊಂಡ ಮೇಲೆ ಬ್ಲೌಸ್ ಹೊಲಿದೇ ನನ್ನನ್ನು ಓದಿಸಿದಳು. ನಾನೀಗ ಪಾವಗಡದ ಆಚೆ ಒಂದು ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತೇನೆ. ಕಣ್ಣು ಹಾಯಿಸಿದಷ್ಟೂ ಪ್ಯಾನೆಲ್ಲು, ಸದ್ದು ಮಾಡುವ ವಸ್ತು ಒಂದೂ ಇಲ್ಲ. ಇಡೀ ದಿನ ಬಾಯಿಲ್ಲದ ಕರೆಂಟನ್ನು ಕಾಯುವ ಕೆಲಸವನ್ನು ನನ್ನಂಥವನ ಹಣೆಯಲ್ಲಿ ಯಾರು ಬರೆದರೋ.

ಅದಕ್ಕೇ ಈ ಕಾರು. ನೋಡಲು ಮಕ್ಕಳನ್ನು ಸ್ಕೂಲಿಗೆ ಬಿಡುವ ಚಿಕ್ಕ ಕಾರೇ, ಆದರೆ ಒಳಗೆ ಟರ್ಬೊ ಇದೆ. ಎಂಜಿನ್ ಬಿಡುವ ಹೊಗೆಯ ಜೋರಿಗೆ ಒಂದು ಪುಟ್ಟ ಚಕ್ರ ತಿರುಗಿ, ಹೊರಗಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ತುರುಕುತ್ತದೆ. ಆ ತುರುಕುವ ಒತ್ತಡಕ್ಕೇ ಬೂಸ್ಟ್ ಎನ್ನುವುದು. ಬೂಸ್ಟ್ ಏರುವಾಗ ಕೊಳವೆಯಲ್ಲಿ ಗಾಳಿ ಹೊಕ್ಕಂತೆ ಸುಯ್ ಎಂದು ಸಣ್ಣ ಸಿಳ್ಳೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಒಳಗೆ ಮಿಕ್ಕ ಗಾಳಿ ಪ್ಶ್ ಎಂದು ಹೊರಬೀಳುತ್ತದೆ. ಕಂಪನಿಯವರು ಈ ಸದ್ದನ್ನೆಲ್ಲ ಮುಚ್ಚಿಟ್ಟು ಕೊಡುತ್ತಾರೆ. ನಾನು ಶಿರಾದಲ್ಲಿ ಏರ್ ಫಿಲ್ಟರ್ ಬದಲಾಯಿಸಿ ಸದ್ದನ್ನು ಬಿಡಿಸಿಕೊಂಡೆ, ಸ್ಟೇರಿಂಗ್ ಪಕ್ಕ ಬೂಸ್ಟ್ ತೋರಿಸುವ ಮೀಟರೊಂದನ್ನೂ ಹಾಕಿಸಿದೆ. ಪ್ಲಾಂಟಿನ ಗೇಟಿನಲ್ಲಿರುವ ಕಾವಲಿನವನು, ‘ಏಂ ಸಾರ್, ಬಂಡಿ ಪಾಮುಲಾ ಬುಸ್ಸಂಟಾಂದಿ’ ಎನ್ನುತ್ತಾನೆ. ಹಾವಿನ ಹಾಗೆ ಬುಸ್ ಅನ್ನುತ್ತದಂತೆ. ಆ ಸಿಳ್ಳೆ ಏರುವಷ್ಟು ಹೊತ್ತು ಮಾತ್ರ ನನ್ನ ಮಂಡಿ ಸುಮ್ಮನಿರುತ್ತದೆ. ಇದು ನನ್ನನ್ನು ಬಿಟ್ಟರೆ ಬೇರೆಯವರಿಗೆ ಅರ್ಥವಾಗುವ ವಿಷಯವಲ್ಲ.

ಅಮ್ಮನಿಗೆ ಆ ಪ್ಶ್ ಎನ್ನುವುದು ನಿಟ್ಟುಸಿರು. ‘ಹೊಸಿಲ ಮುಂದೆ ಬಂದು ನಿಟ್ಟುಸಿರು ಬುಡೋ ಗಾಡಿ ಒಳ್ಳೇದಲ್ಲ ಕಣ್ಲಾ’ ಎಂದು ದಿನವೂ ರಾಗ. ಒಂದು ಭಾನುವಾರ, ಅದ್ಯಾವ ಗಳಿಗೆಯೋ, ‘ಅದು ಎಲ್ಲಿಂದ ಉಸ್ರು ಬುಡ್ತದೆ, ತೋರ್ಸು’ ಎಂದಳು. ನನಗೆ ಹಿಗ್ಗೋ ಹಿಗ್ಗು. ಗೆಳೆಯರ ಎದುರು ಬೂಸ್ಟ್ ಎಂದು ಬಾಯಿ ತೆರೆದರೆ ಎಲ್ಲರೂ ಫೋನ್ ನೋಡಲು ಶುರುಮಾಡುತ್ತಾರೆ. ಬಾನೆಟ್ ಎತ್ತಿ ಪಾಠ ಆರಂಭಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು, ಬ್ಲೌಸಿನ ತೋಳು ನೋಡುವಂತೆ ಬಗ್ಗಿ ನೋಡಿದಳು.

‘ಟರ್ಬೊಗೆ ತಾನಾಗಿ ನಿಲ್ಲೋದು ಗೊತ್ತಿಲ್ಲ ಕಣಮ್ಮ. ಹೊಗೆ ಹೆಚ್ಚಾದಷ್ಟೂ ತಿರುಗ್ತದೆ, ತಿರುಗಿದಷ್ಟೂ ಹೊಗೆ ಹೆಚ್ತದೆ. ಈ ಸಣ್ಣ ರಬ್ಬರ್ ಪೈಪ್ ಐತಲ್ಲ, ಇದು ಸಾಕು ಅಂತ ಹೇಳ್ತದೆ. ಗಾಳಿ ಜಾಸ್ತಿ ಆದ್ರೆ ಇದ್ರಲ್ಲಿ ಹೋಗಿ ಕೆಳಗೊಂದು ಬಾಗ್ಲು ತಳ್ತದೆ, ಹೊಗೆ ಪಕ್ಕಕ್ಕೆ ಹೊಂಟೋಯ್ತದೆ.’

‘ಅದು ಹೇಳ್ದೆ ಇದ್ರೆ?’

‘ಎಂಜಿನ್ ಒಡ್ದೋಯ್ತದೆ.’

‘ಇಷ್ಟ್ ಸಣ್ಣದಾ’ ಎಂದು ಆ ಪೈಪನ್ನು ಬೆರಳಲ್ಲಿ ಹಿಡಿದು ನೋಡಿ, ಒಳಗೆ ಹೋಗಿ ಮೆಷಿನ್ ತುಳಿಯತೊಡಗಿದಳು. ನಾನು ಬಾನೆಟ್ ಹಾಕಿದೆ.

ಅದಾಗಿ ಕೆಲವು ವಾರಕ್ಕೆ, ಮಿಡಿಗೇಶಿ ದಾಟಿ ಹುಲ್ಲಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕುತ್ತಿದ್ದೆ. ಸಿಳ್ಳೆ ಮಾಮೂಲಿ ಎತ್ತರಕ್ಕೆ ಹೋಗಿ ಅಲ್ಲೇ ನಿಲ್ಲಬೇಕು. ಅವತ್ತು ನಿಲ್ಲಲಿಲ್ಲ, ಕೀರಲಾಗುತ್ತಾ ಏರಿತು. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತು. ಮರುಕ್ಷಣ ಕಾರಿನ ಬಲವೆಲ್ಲ ಗಕ್ಕನೆ ಹೋಯಿತು. ಎಂಜಿನ್ನನ್ನು ಉಳಿಸಲು ಕಾರಿನ ಕಂಪ್ಯೂಟರೇ ಹಾಗೆ ಕತ್ತು ಹಿಡಿಯುತ್ತದೆಂದು ಗೊತ್ತಿತ್ತು. ಗೊತ್ತಿದ್ದರೂ ಟ್ರ್ಯಾಕ್ಟರಿನ ಪಕ್ಕದಲ್ಲಿ ತೆವಳುವಾಗ ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತಲೇ ಇದ್ದೆ.

ಶಿರಾದ ಮೆಕ್ಯಾನಿಕ್ ನನಗೆ ಹಳೆಯ ಪರಿಚಯ. ನಾನು ಅವರನ್ನು ಭಾಯ್ ಎನ್ನುತ್ತೇನೆ, ಅವರೂ ನನ್ನನ್ನು ಭಾಯ್ ಎನ್ನುತ್ತಾರೆ. ಸ್ಕ್ಯಾನರ್ ಸಿಕ್ಕಿಸಿ ನೋಡಿ, ಬೂಸ್ಟ್ ಮಿತಿ ಮೀರುತ್ತಿದೆ ಎಂದರು. ಸೆನ್ಸರ್ ಬದಲಾಯಿಸಿದರು, ಜಾಯಿಂಟುಗಳನ್ನೆಲ್ಲ ಬಿಗಿ ಮಾಡಿದರು. ‘ಇಷ್ಟಾದ ಮೇಲೂ ಬಂದ್ರೆ ಇದು ಟರ್ಬೊದ್ದೇ ತಕ್ರಾರು ಭಾಯ್. ಜೀವ ಮೊದ್ಲು. ಮಾರ್ಬುಡಿ, ಕಳ್ಳಂಬೆಳ್ಳದಲ್ಲಿ ಕೇಳೋರು ಅವ್ರೆ’ ಎಂದರು. ಇನ್ನೊಂದು ಸಲ ಹಾಗಾದರೆ ಮಾರುತ್ತೇನೆಂದು ಒಪ್ಪಿಕೊಂಡೆ. ಒಪ್ಪಿಕೊಂಡು ಬಂದವನಿಗೆ ಮಾರನೇ ದಿನದಿಂದ ನಿದ್ದೆಯಿಲ್ಲ, ಊಟಕ್ಕೆ ರುಚಿಯಿಲ್ಲ. ರಸ್ತೆ ನೋಡುವ ಬದಲು ಕಿವಿಯಲ್ಲೇ ಗಾಡಿ ಓಡಿಸುತ್ತಿದ್ದೆ. ಸಿಳ್ಳೆ ಶುರುವಾದರೆ ಸಾಕು, ಕಾಲು ತೆಗೆಯುವುದು. ಟರ್ಬೊ ಕಾರನ್ನು ಹೀಗೆ ಓಡಿಸುವುದೆಂದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಜಗಳಕ್ಕೆ ಹೋದ ಹಾಗೆ. ಬೈಕಿನವರು ಹಿಂದೆ ಹಾಕಿ ತಿರುಗಿ ನೋಡುತ್ತಿದ್ದರು.

ಎಷ್ಟು ದಿನ ಅಂತ ತಡೆದುಕೊಳ್ಳಲಿ? ಒಂದು ಮಧ್ಯಾಹ್ನ ಪಾವಗಡದಿಂದ ಬರುವಾಗ ಕಡಲೆಕಾಯಿ ಮೂಟೆಯ ಲಾರಿಯೊಂದು ಮುಂದೆ ಕುಂಟುತ್ತಿತ್ತು. ಎದುರಿಗೆ ಬಸ್ಸು ದೂರದಲ್ಲಿತ್ತು. ತುಳಿದೆ. ಲಾರಿಯ ಬಾಗಿಲ ಸಮಕ್ಕೆ ಬಂದಾಗ ಸಿಳ್ಳೆ ಕೀರಲಾಯಿತು, ಬಲ ಹೋಯಿತು. ಬಸ್ಸು ದೂರದಲ್ಲಿರಲಿಲ್ಲ. ಲಾರಿಯವನು ಬ್ರೇಕ್ ಹಾಕಿ ಜಾಗ ಕೊಟ್ಟದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬಸ್ಸಿನ ಡ್ರೈವರ್ ನನ್ನ ವಂಶವನ್ನೆಲ್ಲ ಬೈದುಕೊಂಡು ಹೋದ, ಬೈಸಿಕೊಳ್ಳುವ ಹಾಗೇ ಇದ್ದೆ.

ಹುಣಸೆಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಮಾರುವ ಮುಂಚೆ ಒಮ್ಮೆ ನೋಡಿಬಿಡೋಣ ಅನ್ನಿಸಿತ್ತು. ಹಿಂದಿನ ಸಲ ಎಲ್ಲ ಭಾಯ್‌ಗೆ ಬಿಟ್ಟಿದ್ದವನು ಈಗ ಒಂದೊಂದೇ ಪೈಪನ್ನು ಬೆರಳಲ್ಲಿ ಸವರುತ್ತಾ ಬಂದೆ. ಆ ಸಣ್ಣ ರಬ್ಬರ್ ಪೈಪಿನ ಬಾಗಿನಲ್ಲಿ ಏನೋ ಗಂಟು ಸಿಕ್ಕಿತು. ಅರಿಶಿನದ ದಾರ. ಸುತ್ತಿನ ಮೇಲೆ ಸುತ್ತು, ಎಂಜಿನ್ನಿನ ಮಸಿ ಹತ್ತಿ ಕಪ್ಪಾಗಿತ್ತು. ಕಾವಿಗೆ ಪೈಪು ಮೆತ್ತಗಾಗಿ ದಾರ ಒಳಕ್ಕೆ ಕೂತು, ಅದರ ಗಂಟಲನ್ನೇ ಹಿಸುಕಿತ್ತು. ಗಾಳಿ ಮುಂದೆ ಹೋದರೆ ತಾನೆ ಬಾಗಿಲು ತೆರೆಯುವುದು? ಗಂಟು ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ಬ್ಲೌಸ್ ಪೀಸುಗಳ ಕಟ್ಟಿಗೆ ಅಮ್ಮ ಹಾಕುವ ಗಂಟು ಅದು. ಬಿಚ್ಚಲು ಅವಳೊಬ್ಬಳಿಗೇ ಬರುತ್ತದೆ. ನಾನು ಬೀಗದ ಕೈಯಿಂದ ಗೀರಿ ಗೀರಿ ಹರಿದೆ.

ಭಾಯ್‌ಗೆ ಫೋನ್ ಮಾಡಿದರೆ, ‘ಹಾಂ, ನೋಡಿದ್ದೆ. ದೇವ್ರ ದಾರ, ನೀವೇ ಕಟ್ಟಿರೋದು ಅಂದ್ಕೊಂಡೆ. ಗಿರಾಕಿ ಗಾಡೀಲಿ ದೇವ್ರ ದಾರಕ್ಕೆ ನಾವು ಕೈ ಹಾಕಲ್ಲ ಭಾಯ್, ನಮ್ಮಪ್ಪನ ಕಾಲದಿಂದ’ ಎಂದರು. ‘ಅದ್ರ ಸುತ್ತ ಎಲ್ಲಾ ಚೆಕ್ ಮಾಡಿದ್ದೆ’ ಎಂದು ಸೇರಿಸಿದರು.

ಖಾಲಿ ರಸ್ತೆ ನೋಡಿ ಮತ್ತೆ ತುಳಿದೆ. ಸಿಳ್ಳೆ ಏರಿತು, ತನ್ನ ಜಾಗಕ್ಕೆ ಬಂದು ನಿಂತಿತು. ಕಾರು ಉಳಿಯಿತು. ಖುಷಿಯಾಗಬೇಕಿತ್ತು. ಆದರೆ ಮನೆ ಹತ್ತಿರವಾದಂತೆ ಸಿಟ್ಟೇ ಏರುತ್ತಾ ಹೋಯಿತು. ಒಂದು ದಾರದಲ್ಲಿ ನನ್ನನ್ನು ಮುಗಿಸುತ್ತಿದ್ದೆಯಲ್ಲ ಎಂದು ಕೇಳಿಯೇ ಬಿಡಬೇಕೆಂದು ಒಳಗೆ ಹೋದೆ. ಅವಳು ಕಾಜಾ ಹೊಲಿಯುತ್ತಿದ್ದಳು. ಹರಿದ ದಾರವನ್ನು ಮೆಷಿನ್ ಮೇಲೆ ಇಟ್ಟೆ.

‘ಬಿಚ್ಬುಟ್ಟಾ?’ ಎಂದಳು. ‘ಕೊರಟಗೆರೆ ಕಡೆ ಅಮ್ಮನೋರ ಗುಡೀಲಿ ಪೂಜೆ ಮಾಡ್ಸಿ ತಂದಿದ್ದೆ. ನೀನು ಸ್ನಾನಕ್ಕೆ ಹೋದಾಗ ಕಟ್ಟಿದೆ.’

‘ಎಲ್ಲಾ ಬುಟ್ಟು ಆ ಪೈಪೇ ಬೇಕಿತ್ತಾ? ಸ್ಟೇರಿಂಗಿಗೆ ಕಟ್ಟೋದಲ್ವಾ?’

‘ನೀನೇ ಹೇಳಿದ್ದಲ್ಲ, ಅದು ಸಾಕು ಅನ್ನೋ ಪೈಪು ಅಂತ. ಇಷ್ಟ್ ಸಣ್ಣಗೈತೆ, ಗಟ್ಟಿಯಾಗಿರ್ಲಿ ಅಂತ ಕಟ್ಟಿದೆ.’ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ‘ನಿಮ್ಮಪ್ಪ ಇದ್ದಿದ್ರೆ ಅವ್ರು ಹೇಳೋರು. ನನ್ ಮಾತು ನೀನು ಕೇಳಲ್ಲ. ನಿಂಗೆ ಸಾಕು ಅನ್ನೋದು ಅದೊಂದೇ ಅಲ್ವೇನ್ಲಾ.’

ನಾನು ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಬೂಸ್ಟ್ ಬಗ್ಗೆ ನಾನು ಊರೆಲ್ಲ ಒದರಿದ್ದನ್ನು ಒಂದು ಅಕ್ಷರ ಬಿಡದೆ ಕೇಳಿಸಿಕೊಂಡವಳು ಇವಳೊಬ್ಬಳೇ. ಲಾರಿಯ ಸುದ್ದಿ, ಬಸ್ಸಿನ ಸುದ್ದಿ ಬಾಯಿಗೆ ಬಂದದ್ದು ಹಾಗೇ ಒಳಗೆ ಹೋಯಿತು. ಇವತ್ತಿಗೂ ಹೇಳಿಲ್ಲ.

‘ಬಿಸಿಗೆ ದಾರ ಕರಗ್ತದೆ ಕಣಮ್ಮ, ಅದಕ್ಕೆ ಬಿಚ್ಚಿದೆ’ ಎಂದೆ.

‘ಈಗ್ಲೂ ಅದು ಸಾಕು ಅಂತದಾ?’

‘ಅಂತದೆ.’

‘ನಿಂಗೆ ಕೇಳಿಸ್ತದಾ?’

ಕೇಳಿಸುತ್ತದೆ ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ಕುಣಿಯುತ್ತಿದ್ದ ನನ್ನ ಮಂಡಿಯನ್ನೇ ನೋಡುತ್ತಿದ್ದಳು. ನೋಡಿ, ಮಂಡಿಗೆ ಸುತ್ತುವಷ್ಟು ದಾರ ಹರಿದುಕೊಂಡು, ಅರಿಶಿನದ ಡಬ್ಬಿ ತರಲು ಎದ್ದಳು.