ಎಲ್ಲರ ತಪ್ಪಿಗೂ ಲೆಂಪಿಯ ಹೆಸರು

ಅಮೆರಿಕದ ಡುಲೂತ್ ಬಂದರಿನ ಹಡಗುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಕಂಪನಿಯಲ್ಲಿ ಲೆಂಪಿ ಹಾಪಾಲ ಇಪ್ಪತ್ತೇಳು ವರ್ಷದಿಂದ ಕೋಡ್ ಬರೆಯುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳಿಗೆ ಸಿಕ್ಕ ಹೊಗಳಿಕೆ ಒಂದೇ: "ಪರವಾಗಿಲ್ಲ." ಆ ಊರಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ಯಾರೂ ಯಾರಿಗೂ ಆಡುವುದಿಲ್ಲ, ಮದುವೆ ದಿನ ಮದುಮಗಳಿಗೂ ಅಷ್ಟೇ. ಲೆಂಪಿಗೆ ಅದು ಸಾಲುತ್ತಿರಲಿಲ್ಲ, ಆದರೆ ಹೇಳಿಕೊಂಡವಳಲ್ಲ. ತನ್ನ ಕೋಡಿನಲ್ಲಿ ತಪ್ಪು ಸಿಗುವುದಿಲ್ಲ ಎಂಬ ಹೆಮ್ಮೆಯೊಂದನ್ನು ಒಳಗೊಳಗೇ ಸಾಕಿಕೊಂಡಿದ್ದಳು.

ಅದಕ್ಕೆ ಕಲ್ಲು ಹಾಕಿದವನು ಯಜಮಾನ ಗಾರ್ಡಿ. ಕೋಡನ್ನು ತಾನೇ ಓದಿ ತಪ್ಪು ತೋರಿಸುವ ಟೂಲ್ ಒಂದು ಬಂದಿತ್ತು. ತಲೆಗೆ ತಿಂಗಳಿಗೆ ಮೂವತ್ತು ಡಾಲರ್, ಒಂದೇ ತಲೆಯಾದರೆ ಪುಕ್ಕಟೆ. ಕೋಡ್ ಯಾರ ಹೆಸರಲ್ಲಿ ಬರುತ್ತದೋ ಅವರೇ ತಲೆ. ಒಂದೇ ಕಾಫಿಪುಡಿಯಲ್ಲಿ ಎರಡು ಸಲ ಡಿಕಾಕ್ಷನ್ ಇಳಿಸುವ ಗಾರ್ಡಿ, ಬೇರೆ ಪ್ಲಾನುಗಳ ಕಡೆ ತಿರುಗಿಯೂ ನೋಡಲಿಲ್ಲ.

"ಹನ್ನೊಂದು ಜನದ್ದೂ ಒಬ್ಬರ ಹೆಸರಲ್ಲೇ ಹೋಗ್ಲಿ. ಲೆಂಪಿ, ನಿಮ್ಮ ಹೆಸರೇ ಇರ್ಲಿ. ನೀವು ಬೇಜಾರು ಮಾಡ್ಕೊಳ್ಳೋರಲ್ಲ."

"ಆಗ್ಲಿ ಬಿಡಿ" ಎಂದಳು ಲೆಂಪಿ. ಆ ಊರಲ್ಲಿ ಹಾಗೆಂದರೆ ಬೇಡ ಎಂದೇ ಅರ್ಥ. ಅಲ್ಲೇ ಹುಟ್ಟಿ ಬೆಳೆದ ಗಾರ್ಡಿಗೆ ಅದು ಗೊತ್ತಿಲ್ಲದೆ ಏನಿಲ್ಲ.

ಸೋಮವಾರ ಎಲ್ಲರಿಗೂ ಟೂಲಿನ ವರದಿ ಬಂತು: "ಲೆಂಪಿ ಹಾಪಾಲ: ತಪ್ಪುಗಳು ಇನ್ನೂರ ಹದಿನಾಲ್ಕು." ಕೆಳಗೆ, ಹೊಸದಾಗಿ ಕಲಿಯುವವರ ಪಾಠಕ್ಕೆ ಆಹ್ವಾನ ಬೇರೆ.

ಪಕ್ಕದ ಮೇಜಿನ ಟಾಡ್ ನಕ್ಕ. "ಏನ್ ಲೆಂಪಿ, ಕನ್ನಡಕ ಬದಲಾಯಿಸ್ಬೇಕಾ?"

"ಅದ್ರಲ್ಲಿ ತೊಂಬತ್ತು ನಿಂದು ಮಾರಾಯ."

"ಹೆಸರು ನಿಮ್ದಲ್ವಾ?"

ಲೆಂಪಿಯ ಕಿವಿ ಬಿಸಿಯಾಯಿತು. ಅವಮಾನ ನುಂಗಿಕೊಂಡು ಮನೆಗೆ ಹೋದವಳು, ಮರುದಿನ ಕೆಂಪು ಪೆನ್ಸಿಲ್ ಹಿಡಿದು ಬಂದಳು. "ನನ್ನ ಹೆಸರಲ್ಲಿ ಹೋಗೋದನ್ನ ನಾನು ಓದ್ದೆ ಬಿಡಲ್ಲ" ಎಂದಳು. ಟಾಡ್‌ನ ಕೋಡಿನ ಒಂದು ಪುಟ ನಾಲ್ಕು ಸಲ ವಾಪಸು ಬಂತು. ಐದನೆಯ ಸಲ ಅವನು ಹೆಂಡತಿಯ ಕೈಯಲ್ಲಿ ರೂಬಾರ್ಬ್ ಕೇಕ್ ಮಾಡಿಸಿ ತಂದ. ಲೆಂಪಿ ಕೇಕ್ ತಿಂದು ಪುಟ ವಾಪಸು ಕೊಟ್ಟಳು.

ಮೂರನೆಯ ತಿಂಗಳಲ್ಲಿ ಒಂದು ಸೋಮವಾರ ವರದಿ ಹೀಗಿತ್ತು: "ಲೆಂಪಿ ಹಾಪಾಲ: ತಪ್ಪುಗಳು ಸೊನ್ನೆ. ಅದ್ಭುತ ಕೆಲಸ." ಅವಳು ಅದನ್ನು ಪ್ರಿಂಟ್ ತೆಗೆದು ಆಫೀಸಿನ ಫ್ರಿಜ್ಜಿಗೆ ಅಂಟಿಸಿದಳು. ಹಾಲು ಬೇಡದವರೂ ಆ ದಿನ ಅದನ್ನು ಓದಲೇಬೇಕಾಯಿತು.

ಅದೇ ವಾರ ಪುಕ್ಕಟೆ ಪ್ಲಾನ್ ನಿಂತಿತು. ಇನ್ನು ಒಂದು ತಲೆಗೂ ಮೂವತ್ತು ಡಾಲರ್. ಗಾರ್ಡಿ ಕಾಫಿ ಕಪ್ಪು ಹಿಡಿದು ಬಂದ.

"ಹೇಗೂ ಎಲ್ಲಾ ನೀವೇ ತಿದ್ತೀರಲ್ಲ. ಆ ಟೂಲ್ ತೆಗೆಸಿಬಿಡೋಣ."

"ಬೇಡ" ಎಂದಳು ಲೆಂಪಿ. ಇಷ್ಟು ನೇರವಾಗಿ ಅವಳು ಹಿಂದೆಂದೂ ಮಾತಾಡಿರಲಿಲ್ಲ. "ಬೇಕಿದ್ರೆ ದುಡ್ಡು ನಾನೇ ಕೊಡ್ತೀನಿ."

"ಯಾಕೆ?"

"ಇಪ್ಪತ್ತೇಳು ವರ್ಷದಲ್ಲಿ ನನ್ನ ಹೊಗಳಿದ್ದು ಅದೊಂದೇ."

ಗಾರ್ಡಿ ಫ್ರಿಜ್ಜಿನ ಮೇಲಿನ ಕಾಗದ ನೋಡಿದ. ಮುಖ ಕೆಂಪಾಯಿತು. "ಲೆಂಪಿ, ನಿಮ್ಮ ಕೆಲಸ..." ಎಂದು ಶುರುಮಾಡಿದ. ಒಂದು ಗುಟುಕು ಕಾಫಿ ಕುಡಿದು ತನ್ನ ಕೋಣೆಗೆ ಹೋಗಿ, ಟೂಲಿಗೆ ಇಡೀ ವರ್ಷದ ದುಡ್ಡು ಒಂದೇ ಸಲ ಕಟ್ಟಿಬಿಟ್ಟ.