ಬಿಸಿಬೇಳೆ ಬಾತಿನ ಡೆಲಿಗೇಟುಗಳು

ಕೈ ಎತ್ತುವುದು ಜಗತ್ತಿನ ಅತಿ ಸರಳ ಕ್ರಿಯೆ ಎಂದು ನೀವು ನಂಬಿದ್ದರೆ, ನಮ್ಮ ಕನ್ನಡ ಬಳಗದ ಸಭೆಗೆ ಒಮ್ಮೆಯೂ ಬಂದಿಲ್ಲವೆಂದೇ ಅರ್ಥ. ಯುಗಾದಿಯ ಊಟಕ್ಕೆ ಬಿಸಿಬೇಳೆ ಬಾತ್ ಬೇಕೆನ್ನುವವರು ಕೈ ಎತ್ತಿ ಎಂದರೆ ಸಭೆಯ ಮುಕ್ಕಾಲು ಕೈಗಳು ಮೇಲೇಳುತ್ತವೆ. ಜೋಳದ ರೊಟ್ಟಿ ಬೇಕೆನ್ನುವವರು ಎಂದರೆ ಅವೇ ಕೈಗಳು ದಣಿವರಿಯದೆ ಮತ್ತೆ ಮೇಲೇಳುತ್ತವೆ. ಪಕ್ಕದ ಕುರ್ಚಿಯವರು ಧಾರವಾಡದವರು, ಪಾಪ, ಏನಂದುಕೊಂಡಾರು ಎಂಬ ದಾಕ್ಷಿಣ್ಯ. ಹೀಗಾಗಿ ನಮ್ಮಲ್ಲಿ ಬಿದ್ದ ಮತಗಳು ಬಂದ ಜನರಿಗಿಂತ ಯಾವಾಗಲೂ ಹೆಚ್ಚು, ಮತ್ತು ಇಷ್ಟೆಲ್ಲ ಪ್ರಜಾಪ್ರಭುತ್ವ ನಡೆಸಿದ ಮೇಲೂ ಪ್ರತಿ ವರ್ಷ ಎಲೆಗೆ ಬೀಳುವುದು ಬಿಸಿಬೇಳೆ ಬಾತೇ.

ಇದನ್ನು ಸರಿಪಡಿಸುವ ಚಪಲ ನನಗೆ ಹತ್ತಿದ್ದು ಅಮೆರಿಕದ ಪ್ರೈಮರಿ ಚುನಾವಣೆಗಳಿಂದ. ಯೂನಿಯನ್‌ವಿಲ್‌ನಲ್ಲಿ ಮನೆ ಮಾಡಿ, ಕೆನಡಾದ ಪೌರತ್ವದ ಪ್ರಮಾಣವಚನ ಸ್ವೀಕರಿಸಿ, ಇಲ್ಲಿಯ ತೆರಿಗೆ ಕಟ್ಟಿಕೊಂಡಿರುವ ನನಗೆ ಗಡಿಯಾಚೆಯ ಅಧ್ಯಕ್ಷರ ಆಯ್ಕೆಯಲ್ಲಿ ಮೂರು ಕಾಸಿನ ಅಧಿಕಾರವಿಲ್ಲ ನಿಜ. ಆದರೆ ಸ್ವಂತ ಮನೆಯ ಮಾತುಕತೆಗಿಂತ ಪಕ್ಕದ ಮನೆಯ ಜಗಳ ಸ್ವಾರಸ್ಯಕರ ಎನ್ನುವುದನ್ನು ನೀವೂ ಗೋಡೆಗೆ ಕಿವಿಯಾನಿಸಿ ಅನುಭವಿಸಿದ್ದೀರಿ, ಸುಮ್ಮನೆ ಒಪ್ಪಿಕೊಳ್ಳಿ. “ಅಪ್ಪಾ, ವೀ ಡೋಂಟ್ ಈವನ್ ವೋಟ್ ದೇರ್!” ಎಂದು ಮಗಳು ಟೀವಿಯ ರಿಮೋಟು ಕಸಿಯಲು ಬಂದರೆ, ವೋಟು ಹಾಕುವವರಿಗೆ ಈ ಆನಂದ ಎಲ್ಲಿಂದ ಬರಬೇಕು ಮಗಳೇ, ಅವರಿಗೆ ಆತಂಕ ಇರುತ್ತದೆ ಎಂದು ಅವಳಿಗೆ ತತ್ತ್ವ ಹೇಳುತ್ತೇನೆ.

ಆ ವ್ಯವಸ್ಥೆಯ ಸೊಗಸೇ ಸೊಗಸು! ಅಲ್ಲಿ ಮತದಾರ ಅಭ್ಯರ್ಥಿಗೆ ಒತ್ತಿದ ಮತ ನೆಟ್ಟಗೆ ಅಭ್ಯರ್ಥಿಯ ಮಡಿಲಿಗೆ ಬೀಳುವುದಿಲ್ಲ. ಅದು ಡೆಲಿಗೇಟುಗಳೆಂಬ ಪ್ರತಿನಿಧಿಗಳಾಗಿ ಪರಿವರ್ತನೆ ಹೊಂದುತ್ತದೆ, ಆ ಪ್ರತಿನಿಧಿಗಳು ಪಕ್ಷದ ಮಹಾಧಿವೇಶನಕ್ಕೆ ಹೋಗಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಕತ್ತೆಯ ಗುರುತಿನ ಪಕ್ಷದವರು ಮತಗಳ ಪ್ರಮಾಣಕ್ಕೆ ತಕ್ಕಂತೆ ಡೆಲಿಗೇಟುಗಳನ್ನು ಹಂಚುತ್ತಾರೆ, ಆದರೆ ನೂರಕ್ಕೆ ಹದಿನೈದರ ಹೊಸ್ತಿಲು ದಾಟದವನಿಗೆ ಸೊನ್ನೆ. ಆನೆಯ ಗುರುತಿನವರಲ್ಲಿ ರಾಜ್ಯಕ್ಕೊಂದು ಪದ್ಧತಿ: ಕೆಲವೆಡೆ ಹಂಚಿ ತಿನ್ನುವುದು, ಇನ್ನು ಕೆಲವೆಡೆ ಗೆದ್ದವನೇ ಇಡೀ ತಟ್ಟೆ ಬಾಚಿಕೊಳ್ಳುವುದು. ಡೆಲಿಗೇಟು ಸಾಮಾನ್ಯವಾಗಿ ಮೊದಲ ಸುತ್ತಿನಲ್ಲಿ ತನ್ನನ್ನು ಕಳಿಸಿದವರ ಮಾತಿಗೆ ಕಟ್ಟುಬಿದ್ದವನು. ಆ ಸುತ್ತಿನಲ್ಲಿ ಯಾರಿಗೂ ಬಹುಮತ ಬರದಿದ್ದರೆ ಮಾತ್ರ ಕಟ್ಟು ಬಿಚ್ಚುತ್ತದೆ, ಎರಡನೆಯ ಸುತ್ತಿನಲ್ಲಿ ಅವನು ಸ್ವತಂತ್ರ. ಈ ಎರಡನೆಯ ಸುತ್ತು ಎಂಬುದನ್ನು ಕಣ್ಣಾರೆ ಕಾಣಬೇಕೆಂದು ನಾನು ನಾಲ್ಕು ವರ್ಷಕ್ಕೊಮ್ಮೆ ಕಡಲೆಪುರಿ ಹಿಡಿದು ಕೂರುತ್ತೇನೆ, ಪ್ರತಿ ಸಲವೂ ಮೊದಲ ಸುತ್ತಿನಲ್ಲೇ ಎಲ್ಲ ಮುಗಿದು ಗೆದ್ದವನ ಮೇಲೆ ಛಾವಣಿಯಿಂದ ಬಲೂನು ಉದುರಿಸಿಬಿಡುತ್ತಾರೆ.

ಇನ್ನು ವಾರಿಜಕ್ಕನ ವಿಷಯ. ಉಡುಪಿ ಕಡೆಯ ಈ ಹೆಂಗಸು ವುಡ್‌ಬ್ರಿಡ್ಜ್‌ನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುತ್ತಾರೆ, ಮತ್ತು ನಾವು ಈ ಬಳಗ ಕಟ್ಟಿದಂದಿನಿಂದ ಯುಗಾದಿಯ ಅಡುಗೆಗೆ ಸೌಟು ಹಿಡಿದವರು ಅವರೇ. ಬಿಸಿಬೇಳೆ ಬಾತ್ ಅವರ ಊರಿನದಲ್ಲ. ನಮ್ಮ ಮೈಸೂರಿನವರ ಕಾಟಕ್ಕೆ ಕಲಿತು, ಕಲಿಸಿದವರನ್ನೇ ಮೀರಿಸಿದರು. ಈ ಯುಗಾದಿ ಮುಗಿಸಿಕೊಂಡು ಅವರು ಕ್ಯಾಲ್ಗರಿಗೆ, ಮಗಳ ಮನೆಗೆ, ಮೊಮ್ಮಗುವನ್ನು ನೋಡಿಕೊಳ್ಳಲು ಹೊರಟುಬಿಡುವವರಿದ್ದರು. ಸಂಕ್ರಾಂತಿಯ ಸಭೆ ಮುಗಿದ ಮೇಲೆ ಕಮ್ಯುನಿಟಿ ಸೆಂಟರಿನ ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ, ಅವರು ಒರೆಸುತ್ತಿದ್ದರು. “ಇದು ನಂದು ಲಾಸ್ಟ್ ಯುಗಾದಿ ಅಲ್ವಾ ಇಲ್ಲಿ? ಒಂದು ಸರ್ತಿ ಎಲ್ಲರಿಗೂ ಪತ್ರೊಡೆ ಮಾಡಿ ಬಡಿಸ್ಬೇಕು ಅಂತ ಭಾರೀ ಆಸೆ ಉಂಟು,” ಎಂದರು, ನಾನು ತಿರುಗಿ ನೋಡುವಷ್ಟರಲ್ಲಿ, “ಬೇಡ ಬಿಡಿ ಮಾರಾಯ್ರೆ, ಎಲ್ಲರಿಗೂ ಬಾತೇ ಇಷ್ಟ. ಯಾರಿಗೂ ಹೇಳ್ಬೇಡಿ ಆಯ್ತಾ,” ಎಂದು ತಾವೇ ಅದಕ್ಕೆ ಮುಚ್ಚಳ ಹಾಕಿದರು. ಕೆಸುವಿನ ಎಲೆಗೆ ಅಕ್ಕಿ, ಹುಣಸೆ, ಮಸಾಲೆಯ ಹಿಟ್ಟು ಬಳಿದು, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ಆ ತಿಂಡಿಯನ್ನು ನಾನು ಅವರ ಮನೆಯಲ್ಲಿ ಒಮ್ಮೆ ತಿಂದಿದ್ದೆ. ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದೆ.

ಮನೆಗೆ ಬಂದು ಹೆಂಡತಿ ಶ್ಯಾಮಲಾಳಿಗೆ ಹೇಳಿದೆ. ಹೇಳಬೇಡಿ ಎಂದದ್ದನ್ನು ಹೆಂಡತಿಗೆ ಹೇಳುವುದು ಹೇಳಿದಂತಲ್ಲ ಎಂಬುದು ಗಂಡಂದಿರ ಧರ್ಮಶಾಸ್ತ್ರ. ಅವಳೋ ಮೈಸೂರಿನವಳು, ಬಿಸಿಬೇಳೆ ಬಾತಿನ ಮಾನಾಪಮಾನವನ್ನು ತನ್ನದೇ ಎಂದು ತಿಳಿದವಳು. “ಕೊನೇ ಸಲ ವಾರಿಜಕ್ಕನ ಕೈಯಿನ ಬಿಸಿಬೇಳೆ ಬಾತ್ ತಿನ್ನಬೇಕು ಅಂತ ಎಲ್ಲರೂ ಕಾಯ್ತಾ ಇದಾರೆ ಕಣ್ರೀ. ಅವರಿಗೆ ಬೇಕಿದ್ರೆ ಅವರೇ ಬಾಯಿಬಿಟ್ಟು ಕೇಳಲಿ, ನಾನೇ ಎಲೆ ತಂದುಕೊಡ್ತೀನಿ. ಬಾಯಿದ್ದವರು ಬರಗಾಲದಲ್ಲೂ ಬದುಕಿದರಂತೆ,” ಎಂದಳು. ನೋಡಿ, ಎಂಥ ಇಕ್ಕಟ್ಟು! ವಾರಿಜಕ್ಕನ ಆಸೆಗೆ ಅಡ್ಡ ನಿಂತಿದ್ದು ಯಾರ ದ್ವೇಷವೂ ಅಲ್ಲ, ಜನ ಅವರ ಮೇಲಿಟ್ಟ ಪ್ರೀತಿ. ದ್ವೇಷವನ್ನಾದರೂ ವಾದಿಸಿ ಗೆಲ್ಲಬಹುದು.

ಮುಂದಿನ ಸಭೆಯಲ್ಲಿ ನಾನು ಎದ್ದುನಿಂತು ಡೆಲಿಗೇಟು ಪದ್ಧತಿಯ ಪ್ರಸ್ತಾಪ ಇಟ್ಟೆ. ಕೈ ಎತ್ತುವ ಗೊಂದಲ ಬೇಡ, ಬಳಗದ ಮೂರು ಊರಿನವರೂ ತಮ್ಮ ತಮ್ಮಲ್ಲಿ ಚೀಟಿ ಹಾಕಿ ಪ್ರೈಮರಿ ನಡೆಸಲಿ. ಮನೆಗಳ ಸಂಖ್ಯೆಗೆ ತಕ್ಕಂತೆ ಯೂನಿಯನ್‌ವಿಲ್‌ಗೆ ಐದು ಡೆಲಿಗೇಟು, ವುಡ್‌ಬ್ರಿಡ್ಜ್‌ಗೆ ನಾಲ್ಕು, ಒಶಾವಾಕ್ಕೆ ಮೂರು. ಹನ್ನೆರಡರಲ್ಲಿ ಏಳು ಪಡೆದ ಅಡುಗೆ ಗೆದ್ದಂತೆ. ಅಭ್ಯರ್ಥಿಗಳ ಪಟ್ಟಿಗೆ ಪತ್ರೊಡೆಯನ್ನೂ ನಾನೇ ಸೂಚಿಸಿದೆ. ವಾರಿಜಕ್ಕ ನನ್ನ ಕಡೆ ಕಣ್ಣು ಬಿಟ್ಟರು, ನಾನು ಛಾವಣಿ ನೋಡಿದೆ. ನನ್ನ ಭಾಷಣ ಅರ್ಥವಾಗಿ ಒಪ್ಪಿದರೋ, ಮುಗಿದರೆ ಸಾಕೆಂದು ಒಪ್ಪಿದರೋ, ಅಂತೂ ಒಪ್ಪಿದರು.

ಆಹಾ, ಆಮೇಲಿನ ಆ ಹದಿನೈದು ದಿನ! ನಾನು ಹುಟ್ಟಿದ್ದೇ ಅದಕ್ಕೆ ಅನ್ನಿಸಿಬಿಟ್ಟಿತ್ತು. ಜೋಳದ ರೊಟ್ಟಿಯ ಪರವಾಗಿ ಒಶಾವಾದ ಬಸವರಾಜರು ವಾಟ್ಸಾಪಿನಲ್ಲಿ ಎಣ್ಣೆಗಾಯಿಯ ಫೋಟೋ ಹಾಕಿದರೆ, ಬಿಸಿಬೇಳೆ ಬಣ ತುಪ್ಪ ಹರಿಯುವ ವಿಡಿಯೋ ಬಿಟ್ಟಿತು. ಪತ್ರೊಡೆ ತಿಂದರೆ ಗಂಟಲು ತುರಿಸುತ್ತದಂತೆ ಎಂಬ ಅಪಪ್ರಚಾರ ಎಲ್ಲಿಂದಲೋ ಹೊರಟಿತು. ಅದು ನಮ್ಮ ಅಡುಗೆಮನೆಯಿಂದ ಹೊರಟಿತೆಂಬ ಬಲವಾದ ಗುಮಾನಿ ನನಗಿದ್ದರೂ ರಾತ್ರಿಯ ಊಟದ ಹಿತದೃಷ್ಟಿಯಿಂದ ತನಿಖೆಗೆ ಇಳಿಯಲಿಲ್ಲ. ಯೂನಿಯನ್‌ವಿಲ್‌ನ ಪ್ರೈಮರಿ ನಮ್ಮ ಮನೆಯ ಹಾಲ್‌ನಲ್ಲೇ ನಡೆಯಿತು. ಗೆದ್ದವರಿಗೇ ಎಲ್ಲ ಎಂಬ ನಿಯಮವನ್ನು ಶ್ಯಾಮಲಾ ಮೊದಲೇ ಪಾಸು ಮಾಡಿಸಿದ್ದಳು. ಚೀಟಿ ಎಣಿಸಿದ ನನಗೆ ಗೊತ್ತು, ಪತ್ರೊಡೆಗೂ ಸಾಕಷ್ಟು ಮತ ಬಿದ್ದಿತ್ತು. ಆದರೇನು, ಐದಕ್ಕೆ ಐದೂ ಡೆಲಿಗೇಟುಗಳು ಬಿಸಿಬೇಳೆ ಬಾತಿಗೆ ಹೋದವು, ಅವರಲ್ಲಿ ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬ ನಾನು. ಒಶಾವಾದ ಮೂರೂ ರೊಟ್ಟಿಗೆ.

ವುಡ್‌ಬ್ರಿಡ್ಜ್‌ನವರು ಮಾತ್ರ ನ್ಯಾಯವಂತರು, ಪ್ರಮಾಣಕ್ಕೆ ತಕ್ಕಂತೆ ಹಂಚುವ ಪದ್ಧತಿ ಆರಿಸಿಕೊಂಡರು. ಮೂರು ಡೆಲಿಗೇಟು ಪತ್ರೊಡೆಗೆ ಸಿಕ್ಕಿತು. ಬಿಸಿಬೇಳೆ ಬಾತಿಗೆ ಹಾಕಿದ್ದ ಕೆಲವು ಮನೆಯವರು ಹದಿನೈದರ ಹೊಸ್ತಿಲನ್ನು ಹಾಗೂ ಹೀಗೂ ದಾಟಿದ್ದರಿಂದ ಒಂದು ಅದಕ್ಕೆ. ಆದರೆ ಆ ಮನೆಯವರಿಗೆಲ್ಲ ಅಧಿವೇಶನದ ದಿನ ಶಿಫ್ಟು, ಮಕ್ಕಳ ಹಾಕಿ ಪಂದ್ಯ, ಮತ್ತೇನೋ. ಬಿಸಿಬೇಳೆ ಬಾತಿನ ಪರ ಕೂರುವವರೇ ಇಲ್ಲವಲ್ಲ ಎಂದು ಎಲ್ಲರೂ ಮುಖ ಮುಖ ನೋಡುತ್ತಿರುವಾಗ, ಯಾರು ಎದ್ದುನಿಂತರು ಹೇಳಿ? ವಾರಿಜಕ್ಕ! “ಪಾಪ, ಅವರ ಮತ ಹಾಳಾಗ್ಬಾರ್ದು. ನಾನು ಕೂತುಕೊಳ್ತೇನೆ, ಅದಕ್ಕೆಂತ?” ಎಂದರಂತೆ. ಸುದ್ದಿ ಕೇಳಿ ನಾನು ಹಣೆ ಹಣೆ ಬಡಿದುಕೊಂಡೆ. ತನ್ನ ಆಸೆಗೇ ವಿರೋಧಪಕ್ಷದ ಪ್ರತಿನಿಧಿಯಾಗಿ ಹೋಗುವ ದಾಕ್ಷಿಣ್ಯವನ್ನು ಅಮೆರಿಕದ ಸಂವಿಧಾನ ಬರೆದವರು ಕನಸಿನಲ್ಲೂ ಕಂಡಿರಲಾರರು.

ಮಹಾಧಿವೇಶನ ಸೇರಿದ್ದು ಒಂದು ಶನಿವಾರ ಮಧ್ಯಾಹ್ನ, ವಾರಿಜಕ್ಕನ ಬೇಸ್‌ಮೆಂಟಿನಲ್ಲೇ. ನಾನು ಡಾಲರ್ ಅಂಗಡಿಯಿಂದ ಬಲೂನು ತಂದು ಕಟ್ಟಿದ್ದೆ. ಅಲ್ಲಿಯ ಸಂಪ್ರದಾಯದಂತೆ ಊರಿನ ಹೆಸರು ಕೂಗಿದಾಗ ಎದ್ದು, ತಮ್ಮ ಊರನ್ನು ನಾಲ್ಕು ಮಾತು ಹೊಗಳಿಕೊಂಡು, ಆಮೇಲೆ ಒಬ್ಬೊಬ್ಬರಾಗಿ ಮತ ಘೋಷಿಸಬೇಕು. ಅಕ್ಷರಮಾಲೆಯ ಪ್ರಕಾರ ಮೊದಲು ಒಶಾವಾ, ನಂತರ ಯೂನಿಯನ್‌ವಿಲ್, ಕೊನೆಗೆ ವುಡ್‌ಬ್ರಿಡ್ಜ್. ಮೊದಲ ಸುತ್ತು ಮುಗಿದಾಗ ರೊಟ್ಟಿಗೆ ಮೂರು, ಪತ್ರೊಡೆಗೆ ಮೂರು, ಮತ್ತು ವಾರಿಜಕ್ಕನ “ಬಿಸಿಬೇಳೆ ಬಾತ್” ಎಂಬ ಮೆಲುದನಿಯ ಒಂದು ಮತ ಸೇರಿ ಬಾತಿಗೆ ಆರು. ಏಳು ಯಾರಿಗೂ ಇಲ್ಲ! ನಾನು ಕುರ್ಚಿಯಿಂದ ಎಗರಿದೆ. ಮಹಾಮಹಾ ಪಕ್ಷಗಳು ನನಗೆ ಕೊಡದಿದ್ದ ಎರಡನೆಯ ಸುತ್ತನ್ನು ನನ್ನ ಜನ ಒಂದು ಊಟದ ಎಲೆಯ ಮೇಲೆ ತಂದಿಟ್ಟಿದ್ದರು.

ಕಾಫಿಯ ಬಿಡುವು ಘೋಷಿಸಿ, ಬಸವರಾಜರನ್ನು ಮನೆ ಬೆಚ್ಚಗಿಡುವ ಫರ್ನೇಸಿನ ಕೋಣೆಗೆ ಎಳೆದುಕೊಂಡು ಹೋದೆ. ಇಂಥ ಅಧಿವೇಶನಗಳ ನಿಜವಾದ ವ್ಯವಹಾರ ಒಳಕೋಣೆಗಳಲ್ಲೇ ನಡೆಯುವುದೆಂದು ಬಲ್ಲವರು ಹೇಳುತ್ತಾರೆ. ಗೊರಗೊರ ಎನ್ನುವ ಆ ಯಂತ್ರದ ಪಕ್ಕದಲ್ಲಿ ನಿಂತು ವಾರಿಜಕ್ಕನ ಆಸೆಯನ್ನು ಅವರ ಕಿವಿಯಲ್ಲಿ ಹಾಕಿದೆ. ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ಆ ಆಜಾನುಬಾಹು ನೆಟ್ಟಗೆ ತಮ್ಮ ಊರಿನ ಇನ್ನಿಬ್ಬರ ಬಳಿಗೆ ಹೋಗಿ ಏನೋ ಪಿಸುಗುಟ್ಟಿದರು. ಎರಡನೆಯ ಸುತ್ತಿಗೆ ಒಶಾವಾ ಎಂದು ಕೂಗಿದಾಗ ಎದ್ದು, “ರೊಟ್ಟಿ ಬಡಿಯಾಕ ಇಲ್ಲಿ ಅಷ್ಟ್ ಕೈ ಎಲ್ಲದಾವ್ರೀ? ಇಷ್ಟ್ ವರ್ಷ ಒಬ್ಬರ ಕೈಯಾಗ ಉಂಡೇವಿ, ಅವರ ಊರ ಅಡಗಿ ಏನಂತ ಒಮ್ಮೆನೂ ಕೇಳಿಲ್ಲ. ನಮ್ಮ ಮೂರೂ ಪತ್ರೊಡೆಗ್ರೀ,” ಎಂದು ಕೂತುಬಿಟ್ಟರು. ವಾರಿಜಕ್ಕ ಕಾಫಿಯ ಲೋಟದೊಳಗೆ ನೋಡುತ್ತಿದ್ದರು.

ಈಗ ಲೆಕ್ಕ ನೀವೇ ಹಾಕಿ. ಒಶಾವಾದ ಮೂರು, ವುಡ್‌ಬ್ರಿಡ್ಜ್‌ನ ಮೂರು, ಪತ್ರೊಡೆಗೆ ಆರು ಖಚಿತ. ಬೇಕಾದದ್ದು ಇನ್ನೊಂದು, ಮತ್ತು ಯೂನಿಯನ್‌ವಿಲ್‌ನ ಕೊನೆಯ ಡೆಲಿಗೇಟಾದ ನಾನು ಈಗ ಸ್ವತಂತ್ರ! ನಮ್ಮೂರಿನ ಹಳೆಯ ಮೇನ್ ಸ್ಟ್ರೀಟನ್ನೂ ಕೊಳದ ಬಾತುಕೋಳಿಗಳನ್ನೂ ಹೊಗಳಿದೆ. ಶ್ಯಾಮಲಾ ಬಿಸಿಬೇಳೆ ಎಂದಳು, ಉಳಿದ ಮೂವರೂ ಅದನ್ನೇ ಎಂದರು. ನನ್ನ ಸರದಿ ಬಂತು. ಸ್ವಾತಂತ್ರ್ಯದ ಬಗ್ಗೆ ಇಷ್ಟೊಂದು ಕೊರೆದ ಈ ಮಹಾನುಭಾವ ಪಕ್ಕಕ್ಕೆ ತಿರುಗಿ, ಹೆಂಡತಿ ಮೆಲ್ಲಗೆ ಹುಬ್ಬೇರಿಸಿದ್ದನ್ನು ಕಂಡು, “ಬಿಸಿಬೇಳೆ ಬಾತ್” ಎಂದ. ಬಸವರಾಜರು ನನ್ನ ಕಡೆ ನೋಡಿದ ನೋಟವನ್ನು ವರ್ಣಿಸಲಾರೆ. ನನ್ನ ಮೇಲೆ ನನಗೇ ಅಸಹ್ಯ ಬಂತು.

ವುಡ್‌ಬ್ರಿಡ್ಜ್. ಒಂದು ಪತ್ರೊಡೆ, ಎರಡು ಪತ್ರೊಡೆ, ಮೂರು. ಪತ್ರೊಡೆಗೆ ಆರು, ಬಾತಿಗೆ ಐದು. ಉಳಿದದ್ದು ಒಬ್ಬರೇ. ವಾರಿಜಕ್ಕ ಎದ್ದುನಿಂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. “ಈ ಸರ್ತಿಯೂ ಅವರು ಹೇಳಿದ್ದನ್ನೇ ಹೇಳ್ಬೇಕಾ?” ಎಂದು ನನ್ನನ್ನು ಕೇಳಿದರು. ಇಲ್ಲ ಅಕ್ಕ, ಈಗ ನಿಮ್ಮದೇ ಮತ, ನಿಮಗೆ ಬೇಕಾದ್ದು ಎಂದೆ. ಮೂರು ಊರುಗಳನ್ನು ಕೂಡಿಸಿ, ಚೀಟಿ ಹಂಚಿ, ಡೆಲಿಗೇಟು ಕಟ್ಟಿ, ನಾನು ಕಷ್ಟಪಟ್ಟು ನಿಲ್ಲಿಸಿದ ಈ ಮಹಾಯಂತ್ರ ಒಬ್ಬ ಹೆಂಗಸಿಗೆ ‘ನಿಮಗೇನು ಬೇಕು’ ಎಂದು ಕೇಳುವಲ್ಲಿಗೆ ಬಂದು ನಿಂತಿತ್ತು. ಇಷ್ಟು ವರ್ಷಗಳಲ್ಲಿ ಯಾರು ಬೇಕಾದರೂ ಕೇಳಬಹುದಾಗಿದ್ದ ಪ್ರಶ್ನೆ ಅದು.

“ನನಗೆ ಪತ್ರೊಡೆ ಬೇಕು,” ಎಂದರು ವಾರಿಜಕ್ಕ.

ಮೊದಲು ಚಪ್ಪಾಳೆ ಹೊಡೆದವಳು ಶ್ಯಾಮಲಾ. “ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತೇನ್ರೀ ವಾರಿಜಕ್ಕಾ, ಎಲೆ ಎಷ್ಟು ಕಟ್ಟು ಬೇಕು ಹೇಳಿ, ನಾಳೆನೇ ಗುಜರಾತಿ ಅಂಗಡಿಗೆ ಹೋಗ್ತೀನಿ,” ಎಂದು ಹೋಗಿ ಅವರನ್ನು ಅಪ್ಪಿಕೊಂಡಳು. ಅವರ ಹೆಗಲ ಮೇಲಿಂದಲೇ ನನ್ನ ಕಡೆ ತಿರುಗಿ, ನೀವಾದರೂ ಹಾಕಬಾರದಿತ್ತಾ ಎಂದು ಕಣ್ಣಲ್ಲೇ ಗದರಿದಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಬಲೂನಿನ ದಾರ ಎಳೆಯಲು ಕುರ್ಚಿ ಹತ್ತಿದೆ.

ಆದರೆ ವಾರಿಜಕ್ಕ ಇನ್ನೂ ಕೂತಿರಲಿಲ್ಲ. ಗಲಾಟೆ ತಣ್ಣಗಾಗುವವರೆಗೆ ಕಾದು, ಈ ಸಲ ಗಟ್ಟಿಯಾಗಿಯೇ ಹೇಳಿದರು: “ಬೆಲ್ಲ ಸ್ವಲ್ಪ ಜಾಸ್ತಿ ಹಾಕ್ತೇನೆ. ಒಗ್ಗರಣೆಗೆ ತೆಂಗಿನೆಣ್ಣೆಯೇ. ಅದನ್ನು ನೀವು ವೋಟಿಗೆ ಹಾಕುವುದು ಬೇಡ.”